ನಮ್ಮದು ಅನ್ನುವ ಮುಂಚೆ

2018ರ ಡಿಸೆಂಬರಿನ ಒಂದು ಶನಿವಾರ. ಲಂಡನ್ನಿನಲ್ಲಿ ಅದು ನನ್ನ ಎರಡನೇ ಚಳಿಗಾಲ. ಆ ಊರಲ್ಲಿ ಡಿಸೆಂಬರ್ ಅಂದ್ರೆ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಎದ್ದು, ವಾರದ ಬಟ್ಟೆ ಒಗೆದು, ಅನ್ನ ಸಾರು ಮಾಡಿಕೊಂಡು ಉಣ್ಣೋಷ್ಟರಲ್ಲಿ ದಿನವೇ ಮುಗಿದಿರುತ್ತೆ. "ಹೀಗೆ ರೂಮಲ್ಲೇ ಕೂತ್ರೆ ಹುಚ್ಚು ಹಿಡಿಯುತ್ತೆ, ನಡಿ" ಅಂತ ಆಫೀಸಿನ ಗೆಳೆಯನೊಬ್ಬ ಹೊರಡಿಸಿದ. ಅವನು ವೇಲ್ಸ್ ಕಡೆಯವನು, ನನ್ನ ಹಾಗೆಯೇ ಲಂಡನ್ನಿಗೆ ಹೊಟ್ಟೆಪಾಡಿಗೆ ಬಂದವನು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದೆವು. ಒಳಗೆ ಹೋಗೋಕೆ ದುಡ್ಡಿಲ್ಲ, ಒಳಗಡೆ ಬೆಚ್ಚಗಿರುತ್ತೆ. ಚಳಿಯಲ್ಲಿ ಊರು ನೋಡೋನಿಗೆ ಇನ್ನೇನು ಬೇಕು?

ಅಲ್ಲಿ ಟಿಪ್ಪುವಿನ ಹುಲಿ ಇದೆ ಅನ್ನೋದು ನನಗೆ ಗೊತ್ತಿತ್ತು. ಆದರೂ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಒಂದು ಕ್ಷಣ ಮಾತು ಬರಲಿಲ್ಲ. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡ ಮರದ ಹುಲಿ. ಅದರ ಕೆಳಗೆ ಅಂಗಾತ ಬಿದ್ದಿರುವ ಯುರೋಪಿನ ಸಿಪಾಯಿ. ಹೊಟ್ಟೆಯೊಳಗೆ ಆರ್ಗನ್ ವಾದ್ಯದ ಕೊಳವೆಗಳು. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರ್ ಅನ್ನುತ್ತೆ, ಸಿಪಾಯಿ ಕೈಯೆತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಇದನ್ನು ಎತ್ತಿಕೊಂಡು ಬಂದರು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿನ ಲೈಬ್ರರಿಯಲ್ಲಿ ಓದುತ್ತಿದ್ದವರು ಗಲಾಟೆ ತಡೆಯಲಾರದೆ ದೂರು ಹೇಳುತ್ತಿದ್ದರಂತೆ.

"ಇದು ನಮ್ಮದು" ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು. "ಇದನ್ನ ಮಾಡಿಸಿದೋನು ಹುಟ್ಟಿದ್ದು ದೇವನಹಳ್ಳಿಯಲ್ಲಿ. ನಮ್ಮ ತಾಲ್ಲೂಕು."

ಗೆಳೆಯನಿಗೆ ಖುಷಿಯಾಯಿತು. ಅವನ ಊರು ಪೋವಿಸ್ ಕೋಟೆಯ ಹತ್ತಿರವಂತೆ. ಟಿಪ್ಪುವಿನ ಡೇರೆ ಇವತ್ತಿಗೂ ಆ ಕೋಟೆಯಲ್ಲಿದೆ. 1799ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಮನೆತನದ ಪಾಲಿಗೆ ಬಂದಿದ್ದು. "ಸ್ಕೂಲಿನಲ್ಲಿದ್ದಾಗ ಟ್ರಿಪ್ ಕರಕೊಂಡು ಹೋಗಿದ್ರು, ನಾನು ಆ ಡೇರೆ ನೋಡಿದ್ದೀನಿ" ಅಂದ. ಆಮೇಲೆ ಬಹಳ ಸಹಜವಾಗಿ ಕೇಳಿದ: "ಅವನು ಹುಟ್ಟಿದ ಜಾಗ ಹೇಗಿದೆ?"

ನಾನು ಹೇಳಿದೆ. ಕೋಟೆ, ಕಲ್ಲಿನ ಗೋಡೆ, ಬುರುಜು, ಒಳಗೆ ವೇಣುಗೋಪಾಲಸ್ವಾಮಿ ದೇವಸ್ಥಾನ, ಹುಟ್ಟಿದ ಜಾಗದಲ್ಲಿ ಒಂದು ಕಲ್ಲಿನ ಮಂಟಪ. ಹೇಳ್ತಾ ಹೇಳ್ತಾ ನನ್ನ ಮಾತು ನನಗೇ ಪತ್ರಿಕೆಯ ವರದಿಯ ಹಾಗೆ ಕೇಳಿಸಿತು. ಯಾಕಂದ್ರೆ ಅದು ವರದಿಯೇ. ನಮ್ಮೂರಿಂದ ಆ ಕೋಟೆಗೆ 9 ಕಿಲೋಮೀಟರ್. ಕಾಲೇಜಿಗೆ ಹೋಗುವಾಗ ಐದು ವರ್ಷ ಅದರ ಹತ್ತಿರವೇ ಬಸ್ಸಿಳಿದಿದ್ದೀನಿ. ಗೋಡೆಯ ನೆರಳಲ್ಲಿ ನಿಂತು ಕಡಲೆಕಾಯಿ ತಿಂದಿದ್ದೀನಿ. ಆದರೆ ಆ ಮಂಟಪದ ಹತ್ತಿರ ಒಂದು ದಿನವೂ ಹೋಗಿಲ್ಲ. ವೇಲ್ಸಿನ ಹುಡುಗ ಟಿಪ್ಪುವಿನ ಡೇರೆ ನೋಡಿದ್ದ. ದೇವನಹಳ್ಳಿ ತಾಲ್ಲೂಕಿನವನು ಟಿಪ್ಪು ಹುಟ್ಟಿದ ಜಾಗ ನೋಡಿರಲಿಲ್ಲ.

ಅದನ್ನ ಅವನಿಗೆ ಹೇಳಲಿಲ್ಲ. ನೋಡಿದವನ ಹಾಗೆ ಮಾತು ಮುಂದುವರಿಸಿದೆ. ಸಣ್ಣ ಸುಳ್ಳೇ, ಯಾರಿಗೂ ನಷ್ಟವಿಲ್ಲದ್ದು. ಆದರೆ ಆ ಸುಳ್ಳು ಅವತ್ತು ರಾತ್ರಿ ನಿದ್ದೆ ಕೆಡಿಸಿತು. ಒಂದು ಪ್ರಶ್ನೆ ಕೊರೆಯೋಕೆ ಶುರುವಾಯಿತು: ಒಂದು ವಸ್ತುವನ್ನ 'ನಮ್ಮದು' ಅನ್ನೋ ಹಕ್ಕು ಎಲ್ಲಿಂದ ಬರುತ್ತೆ?

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ನಾನು ಮಂಟಪ ನೋಡಲಿಲ್ಲ ಅನ್ನೋ ಕಾರಣಕ್ಕೆ ಹುಲಿ ಲಂಡನ್ನಿನದಾಗೋದಿಲ್ಲ. ಅಟ್ಟದ ಮೇಲಿನ ಅಜ್ಜಿಯ ಟ್ರಂಕನ್ನ ನಾನು ಯಾವತ್ತೂ ತೆರೆದು ನೋಡದೇ ಇರಬಹುದು. ಆದರೂ ಅದನ್ನ ಹೊತ್ತುಕೊಂಡು ಹೋದವನು ಕಳ್ಳನೇ. "ನೀವು ಇಟ್ಟುಕೊಂಡಿದ್ರೆ ಹಾಳು ಮಾಡ್ತಿದ್ರಿ, ನಾವು ಚೆನ್ನಾಗಿ ಕಾಪಾಡಿದ್ದೀವಿ" ಅನ್ನೋ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಹೇಳಬಹುದು, ಒಡೆತನ ಬಿಟ್ಟುಕೊಡೋಕಾಗಲ್ಲ. ಅವರ ತಪ್ಪಿನ ಲೆಕ್ಕ ಬೇರೆ, ನನ್ನ ತಪ್ಪಿನ ಲೆಕ್ಕ ಬೇರೆ. ಕಷ್ಟ ಏನಂದ್ರೆ, ಅವರ ಲೆಕ್ಕ ಕೇಳುವಾಗ ನನ್ನದನ್ನ ಮರೆಯೋದು ಬಹಳ ಸುಲಭ.

ಆ ವರ್ಷಗಳಲ್ಲಿ ನಮ್ಮ ಕಡೆ ನವೆಂಬರ್ ಬಂತು ಅಂದ್ರೆ ಜಗಳ. 2015ರಿಂದ ಸರ್ಕಾರ ಟಿಪ್ಪು ಜಯಂತಿ ಮಾಡೋಕೆ ಶುರು ಮಾಡಿತ್ತು. ವೀರ ಅನ್ನೋರು ಒಂದು ಕಡೆ, ಕ್ರೂರಿ ಅನ್ನೋರು ಇನ್ನೊಂದು ಕಡೆ. ನನ್ನ ಕ್ಲಾಸ್‌ಮೇಟುಗಳ ವಾಟ್ಸಾಪ್ ಗ್ರೂಪೇ ಎರಡು ಹೋಳಾಯ್ತು. ನಾನೂ ಅದರಲ್ಲಿ ಉದ್ದುದ್ದ ಬರೆದಿದ್ದೆ. ಈಗ ಯೋಚಿಸಿದ್ರೆ ನಗು ಬರುತ್ತೆ. ಆ ಗ್ರೂಪಿನಲ್ಲಿದ್ದೋರೆಲ್ಲ ಕೋಟೆಯ ಸುತ್ತಮುತ್ತ ಬೆಳೆದೋರು. 1501ರಲ್ಲಿ ಆವತಿಯ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅದು ಕಲ್ಲಿನದಾಯ್ತು, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಇಷ್ಟನ್ನಾದರೂ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅಭಿಮಾನಕ್ಕೂ ಪರಿಚಯ ಬೇಕಾಗಿರಲಿಲ್ಲ, ದ್ವೇಷಕ್ಕೂ ಬೇಕಾಗಿರಲಿಲ್ಲ.

ಮಾರನೇ ದಿನ ಭಾನುವಾರ ಚೈನಾಟೌನ್ ಕಡೆ ಹೋದೆವು. ಅಂಗಡಿಯ ಮುಂದೆ ಕೆಂಪು ಬಲೆಯಲ್ಲಿ ಸುತ್ತಿದ ದಪ್ಪ ದಪ್ಪ ಹಣ್ಣು. ಚಕ್ಕೋತ! "ನಮ್ಮೂರಿಗೆ ಇದೇ ಹೆಸರುವಾಸಿ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಸಿಕ್ಕಿದೆ. ಒಳಗೆ ಕೆಂಪಗಿರುತ್ತೆ, ಇದಕ್ಕಿಂತ ರುಚಿ" ಅಂತ ಮತ್ತೆ ಶುರು ಮಾಡಿದೆ.

"ನಿಮ್ಮನೇಲಿ ಮರ ಇದೆಯಾ?"

ಇತ್ತು. ಈ ಸಲ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ನಮ್ಮ ಸೀಮೆಯಲ್ಲಿ ಎಕರೆಯ ಬೆಲೆ ದಿನಕ್ಕೊಂದು ಥರ ಏರುತ್ತಿತ್ತು. ಅಪ್ಪ ಎರಡೂವರೆ ಎಕರೆಯನ್ನ ಲೇಔಟ್ ಮಾಡೋರಿಗೆ ಕೊಟ್ಟರು. ಯಾರೂ ಬಲವಂತ ಮಾಡಲಿಲ್ಲ. ಅಪ್ಪ ಅನುಮಾನಿಸಿದಾಗ "ಕೊಡಪ್ಪ, ಇನ್ನೆಷ್ಟು ದಿನ ಬೋರ್‌ವೆಲ್ ಕೊರೆಸ್ತೀಯ" ಅಂದವನು ನಾನೇ. ಆ ದುಡ್ಡಿನಲ್ಲೇ ನಾನು ಓದಿದ್ದು, ಆ ಓದಿನಿಂದಲೇ ಲಂಡನ್ನಿಗೆ ಬಂದಿದ್ದು. ಬಾವಿಯ ಪಕ್ಕ ಚಕ್ಕೋತದ ಮರಗಳಿದ್ದವು. ಮೂರೋ ನಾಲ್ಕೋ. ಅದೂ ನೆನಪಿಲ್ಲ.

ಗೆಳೆಯ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನ ಕಥೆ ಹೇಳಿದ. ಅವನ ಅಜ್ಜಿ ವೆಲ್ಷ್ ಮಾತಾಡುತ್ತಿದ್ದಳಂತೆ. ಅವನಿಗೆ ಬರೋದಿಲ್ಲ. "ಇಂಗ್ಲಿಷರು ನಮ್ಮ ಭಾಷೆ ತುಳಿದರು ಅಂತ ಪಬ್ಬಿನಲ್ಲಿ ಕೂತು ಎಷ್ಟೋ ಸಲ ಬೈದಿದ್ದೀನಿ. ನಿಜವೇ, ತುಳಿದರು. ಆದರೆ ಅಜ್ಜಿ ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದಳು. ನಾನು ಕಲಿಯಲಿಲ್ಲ." ಆ ಹಣ್ಣು ಕೊಂಡು, ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಕೈ ಮರಗಟ್ಟುವ ಚಳಿಯಲ್ಲಿ ಸುಲಿದು ತಿಂದೆವು. ಚೆನ್ನಾಗೇ ಇತ್ತು. ನಮ್ಮೂರಿನದು ಇದಕ್ಕಿಂತ ರುಚಿ ಅಂತ ಮತ್ತೆ ಹೇಳಲಿಲ್ಲ. ಅದನ್ನ ತಿಂದು ಎಷ್ಟು ವರ್ಷವಾಗಿತ್ತೋ.

ಕಸಿದುಕೊಂಡು ಹೋಗಿದ್ದಕ್ಕೆ ಸಿಟ್ಟು ಮಾಡ್ಕೋಬಹುದು. ಕೈಬಿಟ್ಟಿದ್ದಕ್ಕೆ ಸಿಟ್ಟು ಮಾಡ್ಕೊಳ್ಳೋಕೆ ಎದುರಿಗೆ ಯಾರೂ ಇರಲ್ಲ. ಅದಕ್ಕೇ ನಾವು ಮೊದಲನೆಯದರ ಬಗ್ಗೆ ಭಾಷಣ ಮಾಡ್ತೀವಿ, ಎರಡನೆಯದರ ಬಗ್ಗೆ ಸುಮ್ಮನಿರ್ತೀವಿ. ಹಾಗಂತ ಅಪ್ಪ ಜಮೀನು ಮಾರಿದ್ದು ತಪ್ಪು ಅಂತ ನಾನು ಹೇಳಲಾರೆ. ನೀರಿಲ್ಲದ ಜಮೀನಿನಲ್ಲಿ ನನ್ನನ್ನ ಕಟ್ಟಿಹಾಕಿದ್ದಿದ್ರೆ ಅದೇನು ಪುಣ್ಯವಾಗಿರುತ್ತಿರಲಿಲ್ಲ. ತಪ್ಪಿರೋದು ಮಾರಿದ್ದರಲ್ಲಲ್ಲ, ಮಾರಿದ್ದನ್ನ ನೆನಪಿನಿಂದಲೂ ಅಳಿಸಿ, ಹೊರಗಿನವರ ಮುಂದೆ ಮಾತ್ರ 'ನಮ್ಮೂರ ಚಕ್ಕೋತ' ಅಂತ ಎದೆಯುಬ್ಬಿಸೋದರಲ್ಲಿ. ನಮ್ಮದು ಅನ್ನೋದು ಬರೀ ಹಕ್ಕಿನ ಮಾತಲ್ಲ, ಸಾಲದ ಮಾತೂ ಹೌದು. ಸಾಲ ತೀರಿಸೋಕೆ ಆಗದಿದ್ದರೂ ಸಾಲ ಇದೆ ಅಂತ ಗೊತ್ತಿರಬೇಕು. ಎಷ್ಟು ಮರ ಇದ್ದವು ಅಂತ ತಿಳ್ಕೊಳ್ಳೋದು ಅದರ ಮೊದಲ ಕಂತು.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಗಾಬರಿಯಿಂದ ಎತ್ತಿದರು.

"ಬಾವಿ ತಾವ ಚಕ್ಕೋತದ ಮರ ಎಷ್ಟಿದ್ವಪ್ಪ?"

"ಇದ್ಯಾಕ್ಲಾ ಈ ಹೊತ್ತಿನಾಗೆ? ಐದು. ಒಂದು ಹಣ್ಣು ಬಿಡ್ತಿರ್ಲಿಲ್ಲ. ನಿಮ್ಮಜ್ಜಿ ಕಡೀಬ್ಯಾಡ ಅಂದಿದ್ಲು, ಅದಕ್ಕೆ ಬಿಟ್ಟಿದ್ದೆ." ಆಮೇಲೆ ಅಪ್ಪ ಅರ್ಧ ಗಂಟೆ ಮಾತಾಡಿದರು. ಅಷ್ಟು ಹೊತ್ತು ಅವರು ನನ್ನ ಜೊತೆ ಮಾತಾಡಿದ್ದು ನನಗೆ ನೆನಪಿಲ್ಲ.

ಮುಂದಿನ ತಿಂಗಳು ರಜೆಗೆ ಬಂದಾಗ ಅಪ್ಪನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಕೋಟೆಗೆ ಹೋದೆ. "ಕಲ್ಲು ನೋಡಾಕೆ ಏನೈತೋ ಅಲ್ಲಿ" ಅಂತ ಗೊಣಗುತ್ತಲೇ ಬಂದರು. ನಂದಿಬೆಟ್ಟದ ಕಡೆ ಹೋಗೋ ಬೆಂಗಳೂರಿನ ಕಾರುಗಳು ಹೆದ್ದಾರಿಯಲ್ಲಿ ಸಾಲುಗಟ್ಟಿದ್ದವು. ಮಂಟಪದ ಹತ್ತಿರ ಯಾರೂ ಇರಲಿಲ್ಲ. ಚಿಕ್ಕದು, ನಾಲ್ಕಾಳು ನಿಂತರೆ ತುಂಬಿಹೋಗುವಂಥದ್ದು. ಕಲ್ಲಿನ ಮೇಲಿನ ಬರಹವನ್ನ ಅಪ್ಪ ಬೆರಳಿಟ್ಟು ಓದಿದರು.

ಪಕ್ಕದಲ್ಲಿ ಗೋಲಿ ಆಡುತ್ತಿದ್ದ ಹುಡುಗ ಕೇಳಿದ, "ಯಾವೂರಿಂದ ಬಂದ್ರಿ ಅಂಕಲ್?"

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಅಂದರು, "ಇಲ್ಲೇ ಕಣೋ. ಒಂಬತ್ತು ಮೈಲಿಕಲ್ಲು. ಬರಾಕೆ ವಸಿ ತಡ ಆಯ್ತು."