ಗೊತ್ತಿರಲಿಲ್ಲ ಎಂಬ ಉತ್ತರ

ತನಗೆ ಗೊತ್ತಿಲ್ಲದೆ ನಡೆದ ತಪ್ಪಿಗೆ ವಿಶ್ವವಿದ್ಯಾಲಯದ ಮುಖ್ಯಸ್ಥರು ಎಷ್ಟರ ಮಟ್ಟಿಗೆ ಹೊಣೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2023ರಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಅದರ ಅಧ್ಯಕ್ಷರಾಗಿದ್ದ ಮಾರ್ಕ್ ಟೆಸಿಯೆ-ಲವೀನ್ ಹೆಸರಾಂತ ನರವಿಜ್ಞಾನಿ. ಅವರ ಹೆಸರಿದ್ದ ಹಳೆಯ ಸಂಶೋಧನಾ ಲೇಖನಗಳಲ್ಲಿನ ಚಿತ್ರಗಳನ್ನು ತಿರುಚಲಾಗಿದೆ ಎಂಬ ಅನುಮಾನವನ್ನು ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಮುನ್ನೆಲೆಗೆ ತಂದಿತು. ತನಿಖೆಗೆ ನೇಮಕವಾದ ಸಮಿತಿ 12 ಲೇಖನಗಳನ್ನು ಪರಿಶೀಲಿಸಿತು. ದತ್ತಾಂಶ ತಿರುಚಿದ್ದು ಅವರಲ್ಲ, ಅದು ಆಗ ಅವರಿಗೆ ಗೊತ್ತೂ ಇರಲಿಲ್ಲ ಎಂದಿತು. ಆದರೆ ಲೋಪಗಳು ಗಮನಕ್ಕೆ ಬಂದ ಮೇಲೂ ಅವನ್ನು ಸರಿಪಡಿಸಲು ಅವರು ದೃಢವಾಗಿ ಮುಂದಾಗಲಿಲ್ಲ ಎಂದೂ ಹೇಳಿತು. ಅವರು ಅಧ್ಯಕ್ಷ ಸ್ಥಾನ ಬಿಟ್ಟರು, ಪ್ರಾಧ್ಯಾಪಕರಾಗಿ ಉಳಿದರು.

ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ದೊಡ್ಡ ಪ್ರಯೋಗಾಲಯದಲ್ಲಿ ಪ್ರತಿಯೊಬ್ಬರ ಟಿಪ್ಪಣಿ ಪುಸ್ತಕವನ್ನೂ ತಿರುವಿ ನೋಡಲಾಗದು. ನಂಬಿಕೆಯಿಲ್ಲದೆ ಸಂಶೋಧನೆ ನಡೆಯದು. ಒಪ್ಪೋಣ. ಆದರೆ ಲೇಖನಕ್ಕೆ ಮೆಚ್ಚುಗೆ ಬಂದಾಗ ‘ಇದೆಲ್ಲ ನನ್ನ ವಿದ್ಯಾರ್ಥಿಯ ಕೆಲಸ, ನನಗೇನೂ ಗೊತ್ತಿಲ್ಲ’ ಎಂದು ಯಾವ ಮಾರ್ಗದರ್ಶಕರೂ ಹೇಳುವುದಿಲ್ಲ. ಕೀರ್ತಿಯಲ್ಲಿ ಪಾಲು ಪಡೆದವರು ದೋಷ ಕಂಡಾಗ ಮಾತ್ರ ದೂರ ಸರಿಯುವಂತಿಲ್ಲ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಬೇಕಾದ ಫಲಿತಾಂಶ ತಂದವರಿಗೆ ಮನ್ನಣೆ, ತಾರದವರಿಗೆ ಕಡೆಗಣನೆ ಎಂಬ ವಾತಾವರಣ ಆ ಪ್ರಯೋಗಾಲಯದಲ್ಲಿತ್ತು ಎಂದು ಅಲ್ಲಿ ದುಡಿದ ಕೆಲವರು ಸಮಿತಿಗೆ ತಿಳಿಸಿದ್ದರು. ಹೀಗಿರುವಲ್ಲಿ ಸುಳ್ಳು ಬರೆಯಿರಿ ಎಂದು ಯಾರೂ ಹೇಳಬೇಕಿಲ್ಲ. ‘ಪ್ರಯೋಗ ಕೈಕೊಟ್ಟಿತು ಸರ್’ ಎಂದ ವಿದ್ಯಾರ್ಥಿಯ ಎದುರು ಮುಖ ಗಂಟಿಕ್ಕಿದರೆ ಸಾಕು, ಉಳಿದವರು ಪಾಠ ಕಲಿಯುತ್ತಾರೆ.

ನಮ್ಮಲ್ಲಿ ಈ ಒತ್ತಡಕ್ಕೆ ಬೇರೆ ರೂಪವಿದೆ. ಪಿಎಚ್‌ಡಿ ಮಹಾಪ್ರಬಂಧ ಒಪ್ಪಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಷ್ಟರೊಳಗೆ ಸಾಕಷ್ಟು ಕೊಬ್ಬಿದ್ದವು. ನಿಯಮ ಹೋದರೂ ಎಣಿಕೆಯ ಮೋಹ ಹೋಗಿಲ್ಲ. ನ್ಯಾಕ್ ಶ್ರೇಣಿಗಾಗಿ, ಎನ್‌ಐಆರ್‌ಎಫ್ ಸ್ಥಾನಕ್ಕಾಗಿ ಲೇಖನಗಳ ಲೆಕ್ಕ ಕೇಳುವ ಕುಲಪತಿ, ಅವುಗಳಲ್ಲಿ ಏನಿದೆ ಎಂದು ಕೇಳದಿದ್ದರೆ, ಕೆಳಗಿನವರಿಗೆ ಸಂದೇಶ ಸ್ಪಷ್ಟವಾಗಿಯೇ ತಲುಪುತ್ತದೆ.

ಹಾಗಾಗಿ ಮುಖ್ಯಸ್ಥರ ನೈತಿಕತೆಯನ್ನು ಅವರ ಕೈ ಶುದ್ಧವೇ ಎಂಬುದೊಂದರಿಂದಲೇ ಅಳೆಯಲಾಗದು. ಕೆಟ್ಟ ಸುದ್ದಿ ತಂದ ವಿದ್ಯಾರ್ಥಿಗೆ ಅವರ ಕೊಠಡಿಯಲ್ಲಿ ಕೂರಲು ಕುರ್ಚಿ ಸಿಗುತ್ತದೆಯೇ? ತನ್ನ ಲೇಖನದ ತಪ್ಪನ್ನು ತಾನೇ ಒಪ್ಪಿಕೊಂಡ ಅಧ್ಯಾಪಕರಿಗೆ ಬಡ್ತಿ ತಪ್ಪುವುದಿಲ್ಲವೇ? ಇವಕ್ಕೆ ಹೌದೆನ್ನಬಲ್ಲವರು ಮಾತ್ರ ‘ನನಗೆ ಗೊತ್ತಿರಲಿಲ್ಲ’ ಎಂದಾಗ ನಂಬಬಹುದು.