ಅವ್ವನ ಬೆರಳು, ಫೋನಿನ ಕಡ್ಡಿ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವ ತನ್ನ ಫೋನನ್ನು ನನ್ನ ಮುಂದಿಟ್ಟು, "ಇದಕ್ಕ ನನ್ನ ಬೆರಳಿನ ಗುರ್ತ ಹತ್ತವಲ್ದು, ನೋಡ ಸ್ವಲ್ಪ" ಎಂದಳು. ನಾನು ಮುಟ್ಟಿದೆ, ಪರದೆ ತೆರೆಯಿತು. ಅವಳು ಮುಟ್ಟಿದಳು, ಏನೂ ಆಗಲಿಲ್ಲ. ಎರಡನೇ ಸಲ ಸ್ವಲ್ಪ ಒತ್ತಿದಳು. ಮೂರನೇ ಸಲ ಕರೆಗಂಟೆ ಒತ್ತುವ ಹಾಗೆ ಬಲವಾಗಿ ಒತ್ತಿದಳು. ಪರದೆ ಬೇರೆಲ್ಲೋ ಜಿಗಿದು ಯಾವುದೋ ಜಾಹೀರಾತು ತೆರೆದುಕೊಂಡಿತು. "ನೋಡಿದೇನು? ನೀ ಮುಟ್ಟಿದ್ರ ಕೇಳತೈತಿ, ನಾ ಮುಟ್ಟಿದ್ರ ಕೇಳೂದಿಲ್ಲ" ಎಂದು ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಅವಮಾನವೂ ಇತ್ತು.

ನಮ್ಮೂರು ಹೊಳೆಆಲೂರು. ಗದಗ–ಬಾಗಲಕೋಟೆ ರೈಲುಮಾರ್ಗದಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ಸುತ್ತಲೂ ಎರೆ ಹೊಲ. ಅವ್ವ ನಲವತ್ತು ವರ್ಷ ಆ ಹೊಲಗಳಲ್ಲಿ ದುಡಿದಿದ್ದಾಳೆ. ಕುರಪಿ ಹಿಡಿದು ಕಳೆ ತೆಗೆದದ್ದು, ಹತ್ತಿ ಬಿಡಿಸಿದ್ದು, ಕಡಲೆ ಕಿತ್ತದ್ದು ಎಲ್ಲ ಆ ಬೆರಳುಗಳಲ್ಲಿವೆ. ಕಡಲೆ ಗಿಡದ ಮೈಮೇಲೆ ಒಂದು ಹುಳಿ ಇರುತ್ತದೆ, ಕೀಳುವವರ ಬೆರಳ ತುದಿಯನ್ನು ಅದು ತಿನ್ನುತ್ತದೆ. ಮೇಲೆ ದಿನವೂ ಬಿಸಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವ ಕೈ. ಅವಳ ಬೆರಳ ತುದಿ ಈಗ ಚಕ್ಕಳದ ಹಾಗಾಗಿದೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ಅವಳನ್ನು ನಾಲ್ಕೈದು ಸಲ ಒತ್ತಿಸಿಯೇ ಒಪ್ಪಿಕೊಳ್ಳುತ್ತದೆ.

ಫೋನು ಕೇಳದಿರುವುದಕ್ಕೆ ಕಾರಣ ಸರಳ. ಇವತ್ತಿನ ಫೋನುಗಳ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕದ ಜಾಲವಿರುತ್ತದೆ. ನಮ್ಮ ದೇಹ ವಿದ್ಯುತ್ತನ್ನು ಹರಿಯಗೊಡುವುದರಿಂದ, ಬೆರಳು ಹತ್ತಿರ ಬಂದಾಗ ಆ ಜಾಲದ ವಿದ್ಯುದಂಶದಲ್ಲಿ ಸಣ್ಣ ಬದಲಾವಣೆ ಆಗುತ್ತದೆ. ಫೋನು ಅಳೆಯುವುದು ಅದನ್ನು. ಒತ್ತಡವನ್ನು ಅದು ಅಳೆಯುವುದೇ ಇಲ್ಲ, ಅವ್ವ ಎಷ್ಟು ಒತ್ತಿದರೂ ಅಷ್ಟೇ. ಚರ್ಮ ಒಣಗಿ ದಪ್ಪವಾಗಿದ್ದರೆ ಆ ಬದಲಾವಣೆ ಕ್ಷೀಣವಾಗುತ್ತದೆ, ಕೈ ಒದ್ದೆಯಾಗಿದ್ದರೆ ಲೆಕ್ಕವೇ ತಪ್ಪುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ ಅವ್ವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಧಾರವಾಡದಿಂದ ನಾನು ಮಾಡಿದ ಕರೆಯನ್ನು ನೀರು ತೊಟ್ಟಿಕ್ಕುವ ಕೈಯಿಂದಲೇ ಎತ್ತಿ, "ಗುಡಿ ಕಟ್ಟಿ ಮ್ಯಾಲ ಅದೇವಿ, ಅಂಜಬ್ಯಾಡ" ಎಂದಿದ್ದಳು. ಈಗಿನ ಫೋನಾಗಿದ್ದರೆ ಎತ್ತುವುದಕ್ಕೆ ಆಗುತ್ತಿತ್ತೋ ಇಲ್ಲವೋ.

ಹಾಗಾದರೆ ಇಷ್ಟು ದಿನ ಅವ್ವನ ಫೋನನ್ನು ನಡೆಸುತ್ತಿದ್ದವರು ಯಾರು? ಓಣಿಯ ಒಬ್ಬ ಹುಡುಗ, ಪಿಯುಸಿ ಓದುತ್ತಿರುವವನು. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಖಾತೆಗೆ ಬರತೊಡಗಿದ ಮೇಲೆ ಅವನ ಕೆಲಸ ಹೆಚ್ಚಾಯಿತು. ಹಣ ಬಂತೇ ಎಂದು ನೋಡುವುದು, ಕರೆಂಟ್ ಬಿಲ್ಲು ಕಟ್ಟುವುದು, ಕಿರಾಣಿ ಅಂಗಡಿಗೆ ಹಾಕುವುದು ಎಲ್ಲವೂ ಅವನೇ. ಪಿನ್ ಸಂಖ್ಯೆಯೂ ಅವನಿಗೆ ಗೊತ್ತು. ಆ ಬೇಸಿಗೆಯಲ್ಲಿ ಲೆಕ್ಕ ನೋಡುತ್ತಿದ್ದಾಗ, ಅವ್ವನದೂ ಅಲ್ಲದ ನನ್ನದೂ ಅಲ್ಲದ ಒಂದು ನಂಬರಿಗೆ ಎರಡು ಸಲ ರಿಚಾರ್ಜ್ ಆಗಿದ್ದದ್ದು ಕಂಡಿತು. ಸಿಟ್ಟಿನಿಂದ ಅವ್ವನಿಗೆ ತೋರಿಸಿದೆ.

"ಗೊತ್ತೈತಿ" ಎಂದಳು. "ಹುಡುಗ ದಿನಾ ಬಂದು ಮಾಡಿ ಕೊಡ್ತಾನ. ಅವಗ ಯಾರ ಏನ ಕೊಡ್ತಾರ?"

"ಕೇಳಿ ತಗೋಬೇಕಿತ್ತಲ್ಲ ಬೇ."

"ಕೇಳಿದ್ರ ಕೊಡ್ತಿದ್ದೆ. ಅವಗ ಕೇಳಾಕ ನಾಚಿಕಿ, ನನಗ ಕೊಡಾಕ ಬರಾಂಗಿಲ್ಲ. ಹೆಂಗ ಮಾಡೂದು?"

ನನ್ನ ಸಿಟ್ಟು ಅಲ್ಲಿಗೆ ನಿಂತಿತು. ಆ ಹುಡುಗ ದಿನವೂ ಮಾಡುತ್ತಿದ್ದದ್ದು ನಾನು ಮಾಡಬೇಕಾಗಿದ್ದ ಕೆಲಸ. ಧಾರವಾಡದ ಹಾಸ್ಟೆಲಿನಲ್ಲಿ ಕೂತು ಹಸ್ತಪ್ರತಿಗಳ ಮೇಲೆ ಪ್ರಬಂಧ ಬರೆಯುತ್ತಿರುವ ನಾನು ಹಬ್ಬಕ್ಕೊಮ್ಮೆ ಬಂದು ಲೆಕ್ಕ ಕೇಳುವವಳು. ಮರುದಿನ ಗದಗಿಗೆ ಹೋಗಿ 150 ರೂಪಾಯಿಯ ಒಂದು ಸ್ಟೈಲಸ್ ತಂದೆ. ಪೆನ್ನಿನಷ್ಟು ಉದ್ದ, ಲೋಹದ ಮೈ, ತುದಿಗೆ ಕರಿ ರಬ್ಬರಿನ ಗುಬುಟು. ಅದರಲ್ಲಿ ಬ್ಯಾಟರಿ ಇಲ್ಲ, ಶಾಯಿ ಇಲ್ಲ. ಹಿಡಿದ ಕೈಯ ವಿದ್ಯುತ್ತನ್ನು ಲೋಹದ ಮೂಲಕ ತುದಿಗೆ ಮುಟ್ಟಿಸುತ್ತದೆ, ಅಷ್ಟೇ. ಬೆರಳ ತುದಿ ಒಣಗಿದ್ದರೂ ಇಡೀ ಹಿಡಿಕೆಯನ್ನು ಹಿಡಿದಿರುವ ಕೈ ಸಾಕಾಗುತ್ತದೆ. ಅವ್ವ ಅದಕ್ಕೆ "ಕಡ್ಡಿ" ಎಂದು ಹೆಸರಿಟ್ಟಳು. ಮೂರು ದಿನದಲ್ಲಿ ಪಿನ್ ಒತ್ತುವುದನ್ನು ಕಲಿತಳು. ನಾಲ್ಕನೇ ದಿನ ಪಿನ್ ಬದಲಿಸಿದೆವು.

ಮಾತು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಧಾರವಾಡಕ್ಕೆ ಮರಳಿ ಇದನ್ನು ಗೆಳೆಯರಿಗೆ ಹೇಳಿದಾಗ ಶುರುವಾದ ವಾದ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಮುಟ್ಟುವ ಫೋನಿಗೆ ಕಡ್ಡಿ ಬೇಕೇ? ಪ್ರಶ್ನೆ ಅಂಗಡಿಯ ಕಟ್ಟೆಯ ಮೇಲಿನ ಪ್ರಶ್ನೆಯಂತೆ ಕಾಣುತ್ತದೆ. ನನಗೆ ಅದು ನೀತಿಯ ಪ್ರಶ್ನೆಯಾಗಿ ಕಂಡಿತು.

ಬೇಡ ಎನ್ನುವವರ ವಾದ ದುರ್ಬಲವಾದದ್ದಲ್ಲ. 1996ರಲ್ಲಿ ಬಂದ ಪಾಮ್ ಪೈಲಟ್‌ನಂಥ ಅಂಗೈ ಯಂತ್ರಗಳಿಗೆ ಕಡ್ಡಿ ಇಲ್ಲದೆ ನಡೆಯುತ್ತಿರಲಿಲ್ಲ. ಆಗಿನ ಪರದೆಗಳು ಒತ್ತಡವನ್ನು ಅರಿಯುವಂಥವು, ಉಗುರಿನಿಂದ ಒತ್ತಿದರೂ ಕೇಳುತ್ತಿದ್ದವು. 2007ರ ಜನವರಿಯಲ್ಲಿ ಐಫೋನನ್ನು ಲೋಕಕ್ಕೆ ತೋರಿಸುವಾಗ ಸ್ಟೀವ್ ಜಾಬ್ಸ್ ಈ ಕಡ್ಡಿಯನ್ನು ಗೇಲಿ ಮಾಡಿದರು. ತೆಗೆಯಬೇಕು, ಇಡಬೇಕು, ಕಳೆದುಕೊಳ್ಳಬೇಕು, ಯಾರಿಗೆ ಬೇಕು ಎಂಬುದು ಅವರ ಮಾತಿನ ಸಾರ. ಎಲ್ಲರಿಗೂ ಹುಟ್ಟಿನಿಂದ ಬಂದಿರುವ ಬೆರಳೇ ಉತ್ತಮ ಸಾಧನ ಎಂದರು. 2011ರಲ್ಲಿ ಸ್ಯಾಮ್‌ಸಂಗ್ ಕಂಪನಿ ಗ್ಯಾಲಕ್ಸಿ ನೋಟ್‌ನೊಂದಿಗೆ ಕಡ್ಡಿಯನ್ನು ಮರಳಿ ತಂದಿತು, 2015ರಲ್ಲಿ ಆ್ಯಪಲ್ ಕೂಡ ಐಪ್ಯಾಡಿಗೆ ಪೆನ್ಸಿಲ್ ಮಾಡಿತು. ಆದರೂ ಸಾಮಾನ್ಯ ಫೋನಿನ ಮಟ್ಟಿಗೆ ಜಾಬ್ಸ್ ಹೇಳಿದ್ದೇ ನಡೆಯಿತು. ನನ್ನ ಅನುಭವವೂ ಅದೇ. ಓಲೆಗರಿಯ ಚಿತ್ರಗಳ ಮೇಲೆ ಗುರುತು ಹಾಕಿಕೊಳ್ಳಲು ನಾನೂ ಒಂದು ಕಡ್ಡಿ ಕೊಂಡಿದ್ದೆ. ಆರಂಗುಲದ ಪರದೆಯ ಮೇಲೆ ಅದರಿಂದ ಬರೆಯುವುದು ಚೀಟಿಯ ಮೇಲೆ ಗೋಡೆಬರಹ ಬರೆದಂತೆ. ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದಾಗ ಇನ್ನೊಂದು ಕೈಯ ಹೆಬ್ಬೆರಳೇ ಗತಿ. ಒಂದು ತಿಂಗಳಲ್ಲಿ ಅದು ಡ್ರಾಯರು ಸೇರಿತು.

ಆದರೆ "ಎಲ್ಲರಿಗೂ ಹುಟ್ಟಿನಿಂದ ಬಂದ ಬೆರಳು" ಎಂಬಲ್ಲಿ ಒಂದು ತೊಡಕಿದೆ. ಅವ್ವನಿಗೂ ಹುಟ್ಟಿನಿಂದ ಬೆರಳು ಬಂದಿದೆ. ಆದರೆ ಫೋನು ಬಯಸುವುದು ಕಡಲೆ ಕೀಳದ, ರೊಟ್ಟಿ ಬಡಿಯದ, ಸಿಮೆಂಟು ಕಲಸದ ಬೆರಳನ್ನು. ಯಾರೂ ಹಾಗೆಂದು ಬರೆದಿಟ್ಟು ಅದನ್ನು ತಯಾರಿಸಿಲ್ಲ. ಆದರೂ ತಯಾರಿಸುವಾಗ ಯಾರದೋ ಕೈಯನ್ನು ಎಲ್ಲರ ಕೈ ಎಂದು ಎಣಿಸಿದ್ದಾರೆ. ನಮ್ಮಲ್ಲಿ "ಹೆಬ್ಬೆಟ್ಟು" ಎಂಬುದು ಬೈಗುಳ. ಸಹಿ ಮಾಡಲು ಕಲಿತ ದಿನ ಅವ್ವ ಆ ಬೈಗುಳದಿಂದ ಹೊರಬಂದಿದ್ದಳು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಬರೆಯುತ್ತಿದ್ದಳು. ಈಗ ಎಲ್ಲ ಕಡೆ ಮತ್ತೆ ಬೆರಳನ್ನೇ ಕೇಳುತ್ತಾರೆ, ಕೇಳಿ ಆ ಬೆರಳು ಸರಿಯಿಲ್ಲ ಎನ್ನುತ್ತಾರೆ.

ನನ್ನ ಗೆಳತಿಯೊಬ್ಬಳು ಇದೇ ಮಾತನ್ನು ಹಿಡಿದು ನನ್ನನ್ನು ಪ್ರಶ್ನಿಸಿದಳು. "ತಪ್ಪು ಫೋನಿನದಾದರೆ ಕಡ್ಡಿಯನ್ನು ನಿಮ್ಮವ್ವ ಯಾಕೆ ಕೊಳ್ಳಬೇಕು? 150 ರೂಪಾಯಿ ಕೊಟ್ಟು ನೀನು ಕಂಪನಿಯ ತಪ್ಪನ್ನು ಮುಚ್ಚಿಹಾಕಿದೆ." ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಮೆಟ್ಟಿಲಿರುವ ಕಚೇರಿಯ ಮುಂದೆ ಊರುಗೋಲು ಹಂಚಿದರೆ ಇಳಿಜಾರು ಕಟ್ಟುವ ಹೊಣೆ ತಪ್ಪುವುದಿಲ್ಲ ಎಂಬುದು ನಿಜ. ಆದರೆ ಇಳಿಜಾರು ಕಟ್ಟುವವರೆಗೆ ಊರುಗೋಲು ಬೇಡ ಎಂದು ಹೇಳುವ ಹಕ್ಕು ಮೆಟ್ಟಿಲು ಹತ್ತಬಲ್ಲವರಿಗೆ ಇದೆಯೇ? ದೂರನ್ನು ಜೀವಂತವಾಗಿಡಲು ಅವ್ವನ ಪಿನ್ ಇನ್ನೊಬ್ಬರ ಕೈಯಲ್ಲಿ ಇರಬೇಕು ಎನ್ನಲು ನನ್ನಿಂದಾಗದು. ಎರಡೂ ಬೇಕು. ಕಡ್ಡಿ ಇವತ್ತಿಗೆ, ದೂರು ನಾಳೆಗೆ.

"ಬಾಯಿಂದ ಹೇಳಿದರೆ ಕೇಳುವ ಫೋನುಗಳಿವೆಯಲ್ಲ" ಎಂದರು ಇನ್ನೊಬ್ಬರು. ಇವೆ. ಅವ್ವ ಮೈಕಿನ ಚಿತ್ರ ಒತ್ತಿ ಹಾಡು ಹುಡುಕುತ್ತಾಳೆ. ಆದರೆ ಪಿನ್ ಸಂಖ್ಯೆಯನ್ನು ಕಟ್ಟೆಯ ಮೇಲೆ ಕೂತು ಕೂಗಲಾಗದು.

ಇನ್ನು ಕಡ್ಡಿ ಎಂಬುದು ಮನುಷ್ಯನಿಗೆ ಹೊರಗಿನದು, ಬೆರಳು ಮಾತ್ರ ಸಹಜ ಎಂಬ ಮಾತು. ನನ್ನ ಮೇಜಿನ ಮೇಲಿನ ಓಲೆಗರಿಗಳು ಇದನ್ನು ಒಪ್ಪುವುದಿಲ್ಲ. ಅವುಗಳ ಮೇಲೆ ಬರೆದದ್ದು ಕಂಟದಿಂದ, ಅಂದರೆ ಮೊನಚಾದ ಕಬ್ಬಿಣದ ಕಡ್ಡಿಯಿಂದ. ಎಡಗೈ ಗರಿಯನ್ನು ಹಿಡಿದಿರುತ್ತದೆ, ಅದರ ಹೆಬ್ಬೆರಳು ಕಂಟಕ್ಕೆ ಆಸರೆ ಕೊಡುತ್ತದೆ, ಬಲಗೈ ಕೊರೆಯುತ್ತದೆ. ಆಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಾಣುತ್ತದೆ. ನೇರ ಅಡ್ಡಗೆರೆ ಗರಿಯ ನಾರನ್ನು ಸೀಳಬಹುದಾದ್ದರಿಂದ ನಮ್ಮ ಲಿಪಿ ದುಂಡಗಾಯಿತು ಎಂದು ವಿದ್ವಾಂಸರು ಹೇಳುವುದುಂಟು. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಬರೆದರು. ಇಂಗ್ಲಿಷಿನ 'ಸ್ಟೈಲ್' ಎಂಬ ಮಾತು ಕೂಡ ಮೇಣದ ಹಲಗೆಯ ಮೇಲೆ ಬರೆಯುವ ಕಡ್ಡಿಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಕೈ ಯಾವಾಗಲೂ ಏನನ್ನೋ ಹಿಡಿದೇ ಬರೆದಿದೆ.

ಆದರೆ ಈ ವಾದವನ್ನು ಹೆಚ್ಚು ಹಿಗ್ಗಿಸಬಾರದು ಎಂದು ನನಗೆ ಕಲಿಸಿದವರು ಒಬ್ಬ ಪರಿಚಿತರು. ಹುಟ್ಟಿನಿಂದ ಕಣ್ಣಿಲ್ಲದವರು, ಶಿಕ್ಷಕರು. ನಮ್ಮೂರಿನಲ್ಲಿ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆ ಇದೆ, ಅಲ್ಲಿನ ಮಕ್ಕಳು ಹಗ್ಗದ ಮೇಲೆ ಮಲ್ಲಕಂಬ ಮಾಡುವುದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಬ್ರೈಲ್ ಬರೆಯುವ ಕಡ್ಡಿಯನ್ನು ಚಿಕ್ಕಂದಿನಲ್ಲೇ ಕಂಡಿದ್ದೆ. ಅದರ ಹೆಸರೂ ಸ್ಟೈಲಸ್ಸೇ. ತೂತುಗಳ ಪಟ್ಟಿಯನ್ನು ಕಾಗದದ ಮೇಲೆ ಕೂರಿಸಿ ಬಲದಿಂದ ಎಡಕ್ಕೆ ಚುಕ್ಕಿ ಚುಚ್ಚುತ್ತಾ ಹೋಗಬೇಕು. ಕಾಗದ ಮಗುಚಿದಾಗ ಅದು ಎಡದಿಂದ ಬಲಕ್ಕೆ ಓದುವ ಬರಹವಾಗುತ್ತದೆ. ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ ಅಪ್ಪನ ಚರ್ಮದ ಕೆಲಸದ ಮನೆಯಲ್ಲಿ ಚೂಪಾದ ಉಪಕರಣವೊಂದು ಕಣ್ಣಿಗೆ ತಾಗಿ ಕುರುಡನಾದವನು. 1829ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದ. ಕಣ್ಣು ಕಳೆದಂಥದ್ದೇ ಚೂಪು ತುದಿ ಕೊನೆಗೆ ಬರೆಯುವ ಸಾಧನವೂ ಆಯಿತು.

ನಾನು ಉತ್ಸಾಹದಿಂದ ಅವರಿಗೆ ಅವ್ವನ ಕಡ್ಡಿಯ ಕತೆ ಹೇಳಿ, "ನಿಮಗೂ ಒಂದು ತರಲೇನು ಸರ್?" ಎಂದೆ. ಅವರು ನಕ್ಕರು. "ಕಾಗದದ ಮ್ಯಾಲ ನನಗ ಕಡ್ಡಿ ಬೇಕ್ರಿ. ಫೋನಿನ್ಯಾಗ ಕಡ್ಡಿ ಕೊಟ್ರ ನೀವು ನನ್ನ ಬೆರಳು ಕಟ್ಟಿ ಹಾಕಿದಾಂಗ." ಫೋನು ಅವರಿಗೆ ಪರದೆಯನ್ನು ಓದಿ ಹೇಳುತ್ತದೆ. ಒಂದು ಬೆರಳಿನಿಂದ ಸವರುತ್ತಾ ಹುಡುಕಬೇಕು, ಎರಡು ಬೆರಳಿನಿಂದ ಸರಿಸಬೇಕು, ಮೂರು ಬೆರಳಿಗೆ ಇನ್ನೊಂದು ಅರ್ಥ. ಕಡ್ಡಿಗಿರುವುದು ಒಂದೇ ತುದಿ. ಫ್ರೆಂಚ್ ದಾರ್ಶನಿಕ ಮೆರ್ಲೊ-ಪಾಂಟಿ 1945ರ ತನ್ನ ಗ್ರಂಥದಲ್ಲಿ ಕುರುಡನ ಊರುಗೋಲಿನ ಉದಾಹರಣೆ ಕೊಡುತ್ತಾನೆ. ರೂಢಿಯಾದ ಮೇಲೆ ಕೋಲು ಕೈಗೆ ತಿಳಿಯುವ ವಸ್ತುವಾಗಿ ಉಳಿಯುವುದಿಲ್ಲ, ಅದರ ತುದಿಯೇ ಸ್ಪರ್ಶದ ಜಾಗವಾಗುತ್ತದೆ ಎನ್ನುತ್ತಾನೆ. ಅದನ್ನು ನಾನು ಹಲವು ಸಲ ಪಾಠದಲ್ಲಿ ಓದಿದ್ದೆ. ಕೋಲು ದೇಹವಾಗುವುದು ಆ ದೇಹಕ್ಕೆ ಅದು ಬೇಕಾದಾಗ ಮಾತ್ರ ಎಂಬುದನ್ನು ಈ ಸರ್ ಹೇಳಿಕೊಟ್ಟರು. ಒಂದೇ ಊರಿನ ನಂಟಿರುವ ಇಬ್ಬರು, ಒಂದೇ ಬಗೆಯ ಫೋನು. ಒಬ್ಬರಿಗೆ ಕಡ್ಡಿ ಬಿಡುಗಡೆ, ಇನ್ನೊಬ್ಬರಿಗೆ ಕಟ್ಟು.

ಹಾಗಾಗಿ ಕಡ್ಡಿ ಉಪಯುಕ್ತವೇ ಎಂಬ ಪ್ರಶ್ನೆಗೆ ವಸ್ತುವನ್ನು ನೋಡಿ ಉತ್ತರ ಹೇಳಲಾಗದು. ಯಾರ ಕೈ, ಯಾವ ಕೆಲಸ ಎಂದು ಕೇಳಲೇಬೇಕು. ನನಗೆ ಅದು ಡ್ರಾಯರಿನ ಕಸ. ಅವ್ವನಿಗೆ ಅದು ತನ್ನ ಗುಟ್ಟನ್ನು ತಾನೇ ಇಟ್ಟುಕೊಳ್ಳುವ ಉಪಾಯ. ಇನ್ನೊಬ್ಬರ ಕೈ ಹಿಡಿಯಬೇಕಾದ ಅನಿವಾರ್ಯವನ್ನು ಅದು ತಪ್ಪಿಸಿತು ಎಂಬುದೇ ಅದರ ಉಪಯೋಗ ಎಂದು ನಾನು ತೀರ್ಮಾನಿಸಿಕೊಂಡೆ.

ದಸರೆಗೆ ಊರಿಗೆ ಹೋದಾಗ ಆ ತೀರ್ಮಾನವೂ ಅಲುಗಾಡಿತು. ಕಡ್ಡಿಗೆ ದಾರ ಕಟ್ಟಿ ಅವ್ವ ಅದನ್ನು ಕೀಲಿಕೈ ಗೊಂಚಲಿನ ಜೊತೆ ಸಿಕ್ಕಿಸಿಕೊಂಡಿದ್ದಳು. ಓಣಿಯ ಇನ್ನಿಬ್ಬರು ಹೆಂಗಸರು ಅದನ್ನೇ ಎರವಲು ಒಯ್ಯುತ್ತಾರಂತೆ. ಫೋನಿನಲ್ಲಿ ಕೈಬರಹದ ಕೀಲಿಮಣೆ ಹಾಕಿಕೊಟ್ಟಿದ್ದೆ. ಒತ್ತಕ್ಷರಕ್ಕೆ ಮೂರು ಗುಂಡಿ ಹುಡುಕುವುದು ಅವಳಿಗೆ ಬರುತ್ತಿರಲಿಲ್ಲ, ಪಾಟಿಯ ಮೇಲೆ ಬರೆದಂತೆ ಕೆಳಗೆ ಒತ್ತು ಬರೆಯುವುದು ಬರುತ್ತದೆ. "ಅಕ್ಕಿ ತಂದೆ" ಎಂಬಂಥ ಸಂದೇಶಗಳು ನನಗೆ ಬರತೊಡಗಿದ್ದವು. ಎಲ್ಲ ಚೆನ್ನಾಗಿತ್ತು. ಆದರೆ ಸಂಜೆ ಚಹಾ ಕುಡಿಯುವಾಗ ಅವ್ವ ಅಂದಳು, "ಆ ಹುಡುಗ ಈಗ ಬರಾಂಗಿಲ್ಲ. ಬಂದ್ರ ಅರ್ಧ ತಾಸು ಮಾತಾಡ್ತಿದ್ದ."

ನಾನು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾರ ಹಂಗೂ ಇಲ್ಲದಿರುವುದನ್ನೇ ಸ್ವಾತಂತ್ರ್ಯ ಎಂದುಕೊಂಡಿದ್ದೆ. ಮನೆಗೆ ಬರುವವರಲ್ಲಿ ಹಲವರು ಏನಾದರೊಂದು ಕೆಲಸದ ನೆಪದಿಂದ ಬರುತ್ತಾರೆ, ನೆಪ ತೆಗೆದರೆ ಬರುವುದೂ ನಿಲ್ಲಬಹುದು. ಪಿನ್ ಬದಲಾದದ್ದು ಅವನಿಗೂ ತಿಳಿದಿರಬೇಕು. ಏಕೆ ಬದಲಾಯಿತೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಸಂಕ್ರಾಂತಿಗೆ ಮತ್ತೆ ಹೋದೆ. ಅಭ್ಯಾಸಬಲದಿಂದ ಲೆಕ್ಕ ತೆರೆದಾಗ ಅದೇ ನಂಬರಿಗೆ ರಿಚಾರ್ಜ್ ಆದದ್ದು ಕಂಡಿತು. ಎದೆ ಧಸಕ್ಕೆಂದಿತು. ಅವ್ವನ ಮುಂದೆ ಫೋನು ಹಿಡಿದೆ.

"ನಾನ ಹಾಕೇನಿ" ಎಂದಳು, ರೊಟ್ಟಿ ತಿರುವುತ್ತಾ. "ಪರೀಕ್ಷಾ ಬಂದಾವಂತ. ಕರದು ಚಾ ಕೊಟ್ಟು, ಅವನ ಎದುರಿಗೇ ಹಾಕಿದೆ."

ಹಣ ಅಷ್ಟೇ, ನಂಬರೂ ಅದೇ. ಸಂಜೆ ಹುಡುಗ ಬಂದ. ಅವ್ವ ಕೀಲಿಕೈ ಗೊಂಚಲನ್ನು ಗೂಟಕ್ಕೆ ಸಿಕ್ಕಿಸಿ ಅವನಿಗೆ ಚಹಾ ತರಲು ಒಳಗೆ ಹೋದಳು.