ಕೂಲಿ ಕೇಳುವುದು ಅವಿಶ್ವಾಸವಲ್ಲ

ಸತ್ಯವೇದ ತೆಗೆಯಿರಿ. ಯಾಕೋಬನ ಪತ್ರಿಕೆ 5ನೇ ಅಧ್ಯಾಯ, 4ನೇ ವಚನ. ಹೊಲ ಕೊಯ್ದವರಿಗೆ ಕೊಡದೆ ಇಟ್ಟುಕೊಂಡ ಕೂಲಿಗೂ ಬಾಯಿ ಇದೆ, ಅದರ ಕೂಗು ದೇವರ ಕಿವಿಗೆ ಮುಟ್ಟುತ್ತೆ ಅನ್ನೋದು ಇಲ್ಲಿನ ಸಂದೇಶ.

ಯೌವನಸ್ಥರು ಬಂದು ನನ್ನನ್ನ ಕೇಳ್ತಾರೆ: "ಪಾಸ್ಟರ್, ಕೆಲಸ ಬಿಟ್ಟು ಮೂರು ತಿಂಗಳಾಯ್ತು, ಬಾಕಿ ಸಂಬಳ ಬಂದಿಲ್ಲ. ಕಂಪ್ಲೇಂಟ್ ಕೊಟ್ರೆ ಸಾಕ್ಷಿ ಹಾಳಾಗುತ್ತಾ? ಸುಮ್ನೆ ಪ್ರಾರ್ಥನೆ ಮಾಡ್ಕೊಂಡು ಇರ್ಲಾ?"

ನಾನು ಪುಣಜನೂರಿನವನು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ದಾರೀಲಿ, ಕಾಡಿನ ನಡುವೆ, ತಮಿಳುನಾಡು ಗಡಿಗೆ ಮುಂಚೆ ಚೆಕ್‌ಪೋಸ್ಟ್ ಇರೋ ಊರು. ನಮ್ಮಪ್ಪ ಕರಿಕಲ್ಲು ಕ್ವಾರಿಯಲ್ಲಿ ದುಡಿದವರು. ಶನಿವಾರ ಬಟವಾಡೆ. ಎಷ್ಟೋ ಶನಿವಾರ ಬರಿಗೈ. "ಬುದ್ಧಿ, ಕೂಲಿ..." ಅಂತ ಕಂಟ್ರಾಕ್ಟರ್ ಮುಂದೆ ಸಾಲ ಕೇಳೋರ ಥರ ತಲೆ ತಗ್ಗಿಸಿ ನಿಲ್ಲೋರು. ಆದರೆ ಯೋಚನೆ ಮಾಡಿ, ಅಲ್ಲಿ ಸಾಲಗಾರ ಯಾರು? ಬೆವರು ಮೊದಲೇ ಕೊಟ್ಟಾಗಿತ್ತು. ಸಾಲ ಉಳಿಸಿಕೊಂಡವನು ಕುರ್ಚಿ ಮೇಲೆ ಕೂತಿದ್ದ!

ಧರ್ಮೋಪದೇಶಕಾಂಡ 24ರಲ್ಲಿ ಮೋಶೆಯ ಮೂಲಕ ದೇವರು ಕೊಟ್ಟ ಗಡುವು ಏನು? ದಿನಗೂಲಿಯವನಿಗೆ ಹೊತ್ತು ಮುಳುಗೋ ಮೊದಲೇ ಕೊಡಬೇಕು. ಇವತ್ತಿನ ಕಾನೂನು ನೋಡಿ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ದಿನಗೂಲಿ ಪಾಳಿ ಮುಗಿದಾಗಲೇ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಕೆಲಸ ಬಿಟ್ಟರೂ, ತೆಗೆದುಹಾಕಿದರೂ ಎರಡು ಕೆಲಸದ ದಿನಗಳೊಳಗೆ. ಕೊಡದಿದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸೋ ಅಧಿಕಾರ ಕಾನೂನಿನಲ್ಲಿದೆ.

ಆದಿಕಾಂಡ 31ಕ್ಕೆ ಬನ್ನಿ. ಲಾಬಾನನು ಯಾಕೋಬನ ಕೂಲಿಯನ್ನ ಹತ್ತು ಸಲ ಬದಲಾಯಿಸಿದ. ಯಾಕೋಬ ಏನು ಮಾಡಿದ? ಇಪ್ಪತ್ತು ವರ್ಷದ ಲೆಕ್ಕವನ್ನ ಮಾವನ ಮುಖದೆದುರೇ ಇಟ್ಟ: ಹೆಣ್ಣುಮಕ್ಕಳಿಗಾಗಿ ಹದಿನಾಲ್ಕು, ಮಂದೆಗಾಗಿ ಆರು. ದೇವರ ಮನುಷ್ಯ ಲೆಕ್ಕ ಇಟ್ಟಿದ್ದ! ನೀವೂ ಇಡಿ. ನೇಮಕಾತಿ ಪತ್ರ, ಪೇಸ್ಲಿಪ್, ಹಾಜರಿ, ವಾಟ್ಸಾಪ್ ಮೆಸೇಜು, ಯಾವುದನ್ನೂ ಅಳಿಸಬೇಡಿ.

ಇನ್ನೊಂದು ಮಾತು. 2020ರ ಡಿಸೆಂಬರ್ 12, ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ತಯಾರಿಸ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬರಲಿಲ್ಲ ಅಂತ ಕಾರ್ಮಿಕರ ಕೋಪ ಸ್ಫೋಟವಾಯ್ತು. ಗಾಜು ಪುಡಿಯಾಯ್ತು, ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಒಂದು ವಾರದಲ್ಲಿ ಕಂಪನಿಯೇ ಒಪ್ಪಿಕೊಳ್ತು: ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿಲ್ಲ ಅಂತ. ಕ್ಷಮೆಯನ್ನೂ ಕೇಳ್ತು. ಅಂದರೆ ಅವರ ದೂರು ಸುಳ್ಳಾಗಿರಲಿಲ್ಲ. ಆದರೆ ಎಸೆದ ಕಲ್ಲಿನಿಂದ ಎಷ್ಟೋ ಮನೆಗಳಿಗೆ ಸಂಬಳದ ಬದಲು ಜೈಲಿನ ಅಲೆದಾಟ ಬಂತು.

ಹಾಗಾದರೆ ನಮ್ಮ ದಾರಿ ಯಾವುದು? ಲೂಕ 18ರ ವಿಧವೆ. ಅವಳು ಕಲ್ಲು ಎತ್ತಲಿಲ್ಲ, ಮನೇಲಿ ಸುಮ್ನೆ ಕೂರಲೂ ಇಲ್ಲ. ನ್ಯಾಯಾಧಿಪತಿ ಹತ್ರ ಹೋದಳು, ಮತ್ತೆ ಹೋದಳು. ಪ್ರಾರ್ಥನೆ ಬಗ್ಗೆ ಕಲಿಸೋಕೆ ಕರ್ತನು ಇವಳ ಉದಾಹರಣೆ ಕೊಟ್ಟ, ನೆನಪಿರಲಿ! ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಕ್ಷಮಿಸೋದು ಹೃದಯದ ಕೆಲಸ, ಬಾಕಿ ಕೇಳೋದು ನ್ಯಾಯದ ಕೆಲಸ. ಎರಡನ್ನೂ ಮಾಡಿ.

ಕೊನೆಗೆ ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮನೆ ಪಾತ್ರೆ ತೊಳೆಯೋ ಅಕ್ಕನ ಸಂಬಳ ಕೊಟ್ರಾ? "ನಾಳೆ ಗೂಗಲ್ ಪೇ ಮಾಡ್ತೀನಿ" ಅಂದು ಎಷ್ಟು ದಿನ ಆಯ್ತು? ನಮ್ಮ ಕೂಗನ್ನ ಕೇಳೋ ದೇವರು ಅವರ ಕೂಗನ್ನೂ ಕೇಳ್ತಾನೆ. ಇವತ್ತು ಹೊತ್ತು ಮುಳುಗೋದರೊಳಗೆ ಕಳಿಸಿಬಿಡಿ.

ಪ್ರಾರ್ಥಿಸೋಣ. ತಂದೆಯೇ, ದುಡಿದು ಬರಿಗೈಲಿ ಇರುವವರಿಗೆ ಕೇಳುವ ಧೈರ್ಯ ಕೊಡು. ಕೊಡಬೇಕಾದ ನಮಗೆ ಇವತ್ತೇ ಕೊಡುವ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.